ಹೆಬ್ಬೆರಳು ಯಾವ ಕಡೆ

ಸ್ಕೂಟರಿನಿಂದ ಬಿದ್ದು ಊದಿಕೊಂಡಿದ್ದ ಬಲಗೈಯ ಎಕ್ಸ್‌ರೇಯನ್ನು ಮೊನ್ನೆ ಹುಣಸೂರಿನ ಮನೆಯ ಕಿಟಕಿಗೆ ಹಿಡಿದು ನೋಡುತ್ತಿದ್ದೆ. ಮೂಳೆ ಮುರಿದಿರಲಿಲ್ಲ. ಆದರೆ ಆ ಬಿಳಿ ಬೆರಳುಗಳನ್ನು ಕಂಡೊಡನೆ ಡಾಕ್ಟರಮ್ಮ ನೆನಪಾದರು...

ನಾನು ಎಚ್.ಡಿ. ಕೋಟೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಅವರು ಪಕ್ಕದ ಮನೆಯಲ್ಲಿದ್ದರು. ಮೈಸೂರಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತರಾಗಿದ್ದವರು. ಬೆರಳಚ್ಚು, ರಕ್ತಪರೀಕ್ಷೆ ಬರುವ ಮೊದಲು ಕೊಲೆ ಮೊಕದ್ದಮೆಗಳಲ್ಲಿ ಸತ್ತವರ ಪರವಾಗಿ ಮೂಳೆಗಳೇ ಸಾಕ್ಷಿ ಹೇಳುತ್ತಿದ್ದವು ಎನ್ನುತ್ತಿದ್ದರು. ಮೂಳೆ ಹೇಳುವುದಿಲ್ಲ, ನಾವು ಹೇಳಿಸುತ್ತೇವೆ ಎಂದು ನಾನು ವಾದಿಸುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ಕೆಸರಿನಲ್ಲಿ ಬರೀ ಮೂಳೆಯಾಗಿ ಉಳಿದ ಒಂದು 'ಕೈ' ಸಿಕ್ಕಿತು. ಹತ್ತಿರದ ಹಳ್ಳಿಯ ರೈತನೊಬ್ಬ ಕೆಲವು ತಿಂಗಳಿಂದ ಕಾಣೆಯಾಗಿದ್ದ. ಜಮೀನಿಗಾಗಿ ತಮ್ಮನೇ ಕೊಂದನೆಂದು ಊರಿನವರ ಅನುಮಾನ. ತಮ್ಮನನ್ನು ಠಾಣೆಯಲ್ಲಿ ಕೂರಿಸಿದ್ದರು. ಪರೀಕ್ಷೆಗೆ ಕಳಿಸುವ ಮೊದಲು ಒಮ್ಮೆ ತೋರಿಸೋಣವೆಂದು ಸಬ್‌ಇನ್‌ಸ್ಪೆಕ್ಟರ್ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಡಾಕ್ಟರಮ್ಮನ ಜಗಲಿಗೆ ಬಂದರು. ಟವೆಲು ಕೆಂಪಗಿತ್ತೆಂದು ನೆನಪು. ನೆನಪೋ, ನಾನೇ ಬಳಿದ ಬಣ್ಣವೋ... ಹಿಂದೆಯೇ ಆ ಅಣ್ಣತಮ್ಮಂದಿರ ತಾಯಿ ಬಂದು ಗೇಟಿನ ಬಳಿ ನಿಂತರು.

"ಹೆಬ್ಬೆರಳು ಯಾವುದಪ್ಪ, ತೋರ್ಸು" ಎಂದರು ಡಾಕ್ಟರಮ್ಮ.

ಸಬ್‌ಇನ್‌ಸ್ಪೆಕ್ಟರ್ ಅಂಚಿನ ದಪ್ಪ ಬೆರಳು ಮುಟ್ಟಿದರು. ಡಾಕ್ಟರಮ್ಮ ಅದರ ಬುಡದಲ್ಲಿ, ಒಣಗಿದ ನಾರಿಗೆ ಅಂಟಿಕೊಂಡಿದ್ದ ಗಂಟುಮೂಳೆಯೊಂದನ್ನು ತೋರಿಸಿದರು. ಮಣಿಕಟ್ಟಿನ ಆ ಗಂಟು ಇರುವುದು ಕಿರುಬೆರಳ ಕಡೆಗೆ. ಕಿರುಬೆರಳೇ ಎಲ್ಲಕ್ಕಿಂತ ದಪ್ಪವಿದ್ದರೆ ಅದು ಮನುಷ್ಯನ ಕೈಯಲ್ಲ, ಕರಡಿಯ ಮುಂಗಾಲು. ಮಕ್ಕಳ ಕೊರಳಿಗೆ ಕಟ್ಟಲು ಯಾರೋ ಉಗುರುಗಳನ್ನು ತುದಿಮೂಳೆ ಸಮೇತ ಕಿತ್ತಿದ್ದರಿಂದ ಅದು ಕೈಯಂತೆ ಕಂಡಿತ್ತು.

"ಅಂಗಾರೆ ಕರಡಿ ಕೊಲೆ ಅಂತ ಕೇಸ್ ಹಾಕ್ಲಾ ಮೇಡಂ?"

"ಹಾಕು. ಉಗುರು ಕಿತ್ತೋರ ಮೇಲೆ ಹಾಕು."

"ನನ್ ಚಿಕ್ಕವನ್ನ ಬುಟ್ಬುಡಿ ಸ್ವಾಮಿ" ಎಂದು ತಾಯಿ ಕೈಮುಗಿದರು. ಸಬ್‌ಇನ್‌ಸ್ಪೆಕ್ಟರ್ ಹೂಂ ಎಂದರು. ಆಕೆ ಗೇಟು ದಾಟಿ ಹೊರಟವರು ಮತ್ತೆ ತಿರುಗಿದರು.

"ಅಂಗಾರೆ ನನ್ ದೊಡ್ಡವ ಎಲ್ಲವ್ನೆ ತಾಯಿ?"

ಚಿಕ್ಕಮಗ ಆ ಸಂಜೆಯೇ ಮನೆಗೆ ಹೋದ. ದೊಡ್ಡವನ ಸುದ್ದಿ ನಾನು ಕೋಟೆ ಬಿಡುವವರೆಗೂ ಬರಲಿಲ್ಲ.

ಎಕ್ಸ್‌ರೇಯಲ್ಲಿ ಆ ಗಂಟುಮೂಳೆಯನ್ನು ಹುಡುಕಿದೆ. ಕಿರುಬೆರಳ ಕಡೆಗೇ ಇದೆ. ಅಷ್ಟಂತೂ ನಾನು ಕಲ್ಪಿಸಿಕೊಂಡದ್ದಲ್ಲ. ಆದರೆ ಆ ತಾಯಿಗೆ ಡಾಕ್ಟರಮ್ಮ ಏನು ಉತ್ತರ ಕೊಟ್ಟರೆಂಬುದು ಎಷ್ಟು ತಡಕಿದರೂ ಸಿಗುತ್ತಿಲ್ಲ... ಕೇಳೋಣವೆಂದರೆ ಅವರೂ ಇಲ್ಲ.