ಆರ್ಟೆಮಿಸ್‌ಗೆ ತಾಳಿ ಕಟ್ಟಿದ ಮಾವ

ಶಿಡ್ಲಘಟ್ಟದ ಒಂದು ರೇಷ್ಮೆ ಮೊಟ್ಟೆ ಘಟಕದಲ್ಲಿ ಪದ್ಮಶ್ರೀ ನನ್ನ ಎದುರಿನ ಮೇಜಿನಲ್ಲಿ ಕೂರುತ್ತಾಳೆ. ಗೂಡು ಸೀಳಿ ಬಂದ ಗಂಡು ಹೆಣ್ಣು ಚಿಟ್ಟೆಗಳನ್ನು ಬೆಳಿಗ್ಗೆ ಜೋಡಿ ಮಾಡಬೇಕು, ಮೂರ್ನಾಲ್ಕು ಗಂಟೆಯ ಮೇಲೆ ಬಿಡಿಸಬೇಕು, ಹೆಣ್ಣನ್ನು ಮೊಟ್ಟೆಯಿಡಲು ಹಾಳೆಯ ಮೇಲೆ ಕೂರಿಸಬೇಕು. ಹದಿಮೂರು ವರ್ಷದಿಂದ ಅವಳಿಗೆ ಇದೇ ಕೆಲಸ. ಹಗುರವಾದ ಕೈ. ಅವಳ ಬೆರಳಿಗೆ ಸಿಕ್ಕ ಚಿಟ್ಟೆಯ ರೆಕ್ಕೆ ಹರಿದದ್ದನ್ನು ನಾನು ಕಂಡಿಲ್ಲ.

ಮಂಡಿಕಲ್‌ನವಳು, ವಯಸ್ಸು ಮೂವತ್ತಾರು. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೇ ಮೊದಲ ಹಕ್ಕು. ಅವಳ ತಾಯಿ ವೆಂಕಟರತ್ನಮ್ಮನ ತಮ್ಮ, ಪೆರೇಸಂದ್ರದ ಮುರಳಿಮೋಹನ್, ಹನ್ನೆರಡು ವರ್ಷದ ಹಿಂದೆ ಆ ಹಕ್ಕು ಕೇಳಿಕೊಂಡು ಬಂದ. ಇವಳು ಒಲ್ಲೆ ಅಂದಳು. ಅವನು ಅದೇ ವರ್ಷ ಬೇರೆ ಮದುವೆಯಾದ, ಆದರೆ ಹೊಟ್ಟೆಯುರಿ ಹೋಗಲಿಲ್ಲ. ‘ಯಾವನೋ ಕೈಕೊಟ್ಟ, ಅದಕ್ಕೇ ಹಿಂಗಾಗಿದಾಳೆ’ ಎಂದು ನೆಂಟರ ಮನೆಮನೆಗೂ ಹೇಳಿ ಬಂದ. ತಾಯಿಯೂ ನಂಬಿದರು. ಮಗಳನ್ನು ಕರೆದುಕೊಂಡು ಶಾಸ್ತ್ರ ಹೇಳುವವರ ಬಾಗಿಲನ್ನೆಲ್ಲ ತಿರುಗಿದರು.

ನನಗೆ ಅವಳೇ ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದಳು. “ಶೋಭಕ್ಕ, ನಂಗೆ ಯಾರೂ ಕೈಕೊಟ್ಟಿಲ್ಲ. ಗಂಡಸಿನ ಮೇಲಾಗ್ಲಿ ಹೆಂಗಸಿನ ಮೇಲಾಗ್ಲಿ ಆ ಆಸೇನೇ ಬರಲ್ಲ. ಲವ್ವು ಅಂತಾರಲ್ಲ, ಅದೂ ಇಲ್ಲ. ಏಸೆಕ್ಷುಯಲ್, ಏರೋಮ್ಯಾಂಟಿಕ್ ಅಂತ ಅದಕ್ಕೆ ಹೆಸರಿದೆ. ನಾನು ಇರೋದೇ ಹಿಂಗೆ. ಚೆನ್ನಾಗೇ ಇದೀನಿ.” ಹೇಳಿ ಅನ್ನ ಕಲಸಿಕೊಂಡಳು.

ಇದನ್ನು ಅಮ್ಮನಿಗೆ ಎದುರು ಕೂತು ಹೇಳಲಾರದೆ ಪದ್ಯ ಬರೆದಳು. ಆರ್ಟೆಮಿಸ್ ಎಂದು ಗ್ರೀಕರಿಗೆ ಬೇಟೆಯ ದೇವತೆ. ಮದುವೆಯೇ ಬೇಡವೆಂದು ಎಳೆಯ ವಯಸ್ಸಿನಲ್ಲೇ ತಂದೆಯಿಂದ ವರ ಪಡೆದವಳು. ಪದ್ಮಶ್ರೀ ಅವಳನ್ನು ನಂದಿ ಬೆಟ್ಟಕ್ಕೆ ಹತ್ತಿಸಿದಳು.

ಬಿಲ್ಲು ಕೊಡಪ್ಪ, ಬೆಟ್ಟ ಕೊಡು,
ಜೊತೆಗೊಬ್ಬನನ್ನು ಕೊಡಬೇಡ.
ಯಾರೂ ನನ್ನ ಮುರಿದಿಲ್ಲ,
ಯಾರಿಗೂ ನಾನು ಕಾದಿಲ್ಲ.

ತಾಲ್ಲೂಕಿನ ಕವಿಗಳ ಬಳಗವೊಂದು ಪುಸ್ತಕ ತರುತ್ತಿತ್ತು. ಅಧ್ಯಕ್ಷ ಯಾರೆಂದುಕೊಂಡಿರಿ, ಇದೇ ಮುರಳಿಮೋಹನ್. ಪದ್ಮಶ್ರೀ ಅದಕ್ಕೆ ಕಳಿಸಿದ ಪದ್ಯ ಅಚ್ಚಾಯಿತು. ಕೊನೆಗೆ ನಾಲ್ಕು ಸಾಲು ಹೆಚ್ಚಾಗಿತ್ತು. ದೇವತೆ ಒಬ್ಬ ವೀರನನ್ನು ಕಂಡು ಬಿಲ್ಲು ಕೆಳಗಿಟ್ಟಳಂತೆ, ನಾಚಿದಳಂತೆ, ಕತ್ತು ಬಗ್ಗಿಸಿ ತಾಳಿ ಕಟ್ಟಿಸಿಕೊಂಡು ಧನ್ಯಳಾದಳಂತೆ. ಗ್ರೀಸ್ ದೇಶದಲ್ಲಿ ತಾಳಿ! ನನಗೆ ಮೈಯೆಲ್ಲ ಉರಿದುಹೋಯಿತು.

ಅವಳು ಮಾವನಿಗೆ ಫೋನು ಮಾಡಿದಳು. ಆ ಕಡೆಯ ಮಾತು ನನಗೂ ಕೇಳಿಸಿತು.

“ಸೋದರಮಾವ ಕಣಮ್ಮಾ ನಾನು. ತಿದ್ದೋ ಹಕ್ಕಿಲ್ವಾ? ಪದ್ಯ ಅರ್ಧಕ್ಕೇ ನಿಂತಿತ್ತು, ಪೂರ್ತಿ ಮಾಡ್ದೆ. ಭಾನುವಾರ ಬಿಡುಗಡೆ, ಅಮ್ಮನ್ನೂ ಕರ್ಕೊಂಡು ಬಾ, ಸ್ಟೇಜ್ ಮೇಲೆ ಓದು.”

“ಬರ್ತೀನಿ ಮಾವ” ಎಂದಳು ಪದ್ಮಶ್ರೀ. ಫೋನಿಟ್ಟು ಕೈ ತೊಳೆದು ಮತ್ತೆ ಚಿಟ್ಟೆ ಬಿಡಿಸಲು ಕೂತಳು.

ಭಾನುವಾರ ಚಿಕ್ಕಬಳ್ಳಾಪುರದ ಸಭಾಂಗಣ ತುಂಬಿತ್ತು. ನೆಂಟರೆಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲಿ ವೆಂಕಟರತ್ನಮ್ಮ, ಪಕ್ಕದಲ್ಲಿ ತಮ್ಮನ ಹೆಂಡತಿ, ಹಿಂದೆ ನಾನು. ಪದ್ಮಶ್ರೀ ತನ್ನ ಸಾಲುಗಳನ್ನು ಓದಿ ನಿಲ್ಲಿಸಿದಳು.

“ನನ್ನ ಪದ್ಯ ಇಲ್ಲಿಗೆ ಮುಗೀತು. ನನ್ನ ವಿಷ್ಯಾನೇ ಬರ್ದಿದೀನಿ. ನನ್ನನ್ನ ಯಾರೂ ಬಿಟ್ಟು ಹೋಗಿಲ್ಲ, ನಂಗೆ ಯಾರೂ ಬೇಕೂ ಆಗಿಲ್ಲ, ನಾನು ಹುಟ್ಟಿರೋದೇ ಹಂಗೆ. ಪುಸ್ತಕದಲ್ಲಿ ಇನ್ನೂ ನಾಲ್ಕು ಸಾಲಿದೆ, ಅದು ನಮ್ಮ ಮಾವಂದು. ಹನ್ನೆರಡು ವರ್ಷದ ಹಿಂದೆ ನನ್ನನ್ನ ತಮಗೇ ಮದುವೆ ಮಾಡ್ಕೊಡಿ ಅಂತ ಕೇಳಿದ್ರು, ನಾನು ಒಲ್ಲೆ ಅಂದೆ. ಈಗ ಪದ್ಯದಲ್ಲಿ ಮಾಡ್ಕೊಂಡಿದಾರೆ. ಅವರೇ ಓದ್ಲಿ.”

ಮೈಕನ್ನು ವೇದಿಕೆಯಲ್ಲೇ ಕೂತಿದ್ದ ಅವನ ಮುಂದೆ ಹಿಡಿದಳು. ಮೊದಲು ನಕ್ಕವರು ಅವನದೇ ಬಳಗದವರು. ಆಮೇಲೆ ಸಭೆಯೆಲ್ಲ ನಕ್ಕಿತು. ಅವನ ಹೆಂಡತಿ ತಲೆ ತಗ್ಗಿಸಿದಳು. ಆಕೆಯದೇನೂ ತಪ್ಪಿರಲಿಲ್ಲ, ಅದೊಂದೇ ನನಗೆ ಕೆಡುಕೆನಿಸಿತು. ಅವನಿಗಾಗಿ ಮರುಗುವಷ್ಟು ಒಳ್ಳೆಯವಳು ನಾನಲ್ಲ.

“ಮನೆ ವಿಷ್ಯ ಇಲ್ಲಿ ಯಾಕಮ್ಮಾ” ಎಂದು ಅವನು ಮೈಕು ತಳ್ಳಿದ. ಅವಳು ಕದಲಲಿಲ್ಲ. ಬೇರೆ ದಾರಿ ಕಾಣದೆ ಓದಿದ. ನಾಚಿದಳು ಎಂಬಲ್ಲಿ ತೊದಲಿದ, ತಾಳಿ ಬರುವ ಹೊತ್ತಿಗೆ ಸ್ವರವೇ ಹೊರಡಲಿಲ್ಲ.

ವೆಂಕಟರತ್ನಮ್ಮ ಎದ್ದು ನಿಂತರು. ಹನ್ನೆರಡು ವರ್ಷ ತಮ್ಮನ ಮಾತನ್ನೇ ನಂಬಿದ್ದ ಹೆಂಗಸು. ಮಗಳನ್ನು ನೋಡಿದರು, ಆಮೇಲೆ ಅವನನ್ನು.

“ಸರಿಯಾಗಿ ಕೇಳಿಸ್ಲಿಲ್ಲ ಮುರಳಿ,” ಎಂದರು. “ಇನ್ನೊಂದ್ಸಲ ಓದು.”