ರೌಂಡ್ಸಿನ ನಡುವೆ ಬಾಯಿಬಿಟ್ಟ ಬೋರಮ್ಮ

ಬೋಗಾದಿಯ ಬೋರಮ್ಮನಿಗೆ ಮೈಸೂರಿನ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಆಯಾ ಕೆಲಸ ಸಿಕ್ಕಿದ್ದು ಸ್ವಾತಂತ್ರ್ಯ ಬಂದ ವರ್ಷ. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ರೋಗಿಗಳ ತಲೆ ಬಾಚುವುದು ಅವಳ ಪಾಲಿಗೆ. ಓದುಬರಹ ಬಾರದು, ಕಣ್ಣು ಮಾತ್ರ ಬಲು ಚುರುಕು. ಯಾರು ಗಂಜಿ ಕುಡಿದರು, ಯಾರು ಕುಡಿದೆನೆಂದು ಸುಳ್ಳು ಹೇಳಿ ಕಿಟಕಿಯಾಚೆ ಚೆಲ್ಲಿದರು, ಎಲ್ಲ ಅವಳಿಗೆ ಗೊತ್ತು. ಆದರೆ ಡಾಕ್ಟರು ರೌಂಡ್ಸಿಗೆ ಬಂದಾಗ ಆಯಾಗಳು ಗೋಡೆಗೆ ಒರಗಿ ಬಾಯಿ ಮುಚ್ಚಿ ನಿಲ್ಲಬೇಕು. ಹನ್ನೆರಡು ವರ್ಷ ಬೋರಮ್ಮ ಹಾಗೇ ನಿಂತಳು. ಅವಳ ಬಾಯಿಯನ್ನು ಬಲ್ಲವರಿಗೇ ಗೊತ್ತು ಅದೆಂಥ ತಪಸ್ಸು ಅಂತ.

ಐವತ್ತೊಂಬತ್ತರಲ್ಲಿ ಒಂಟಿಕೊಪ್ಪಲಿನ ದೇವಿರಮ್ಮ ತಲೆನೋವೆಂದು ಬಂದು ಸೇರಿದರು. ಎಪ್ಪತ್ತರ ಹತ್ತಿರದ ಮುದುಕಿ. ಒಂದು ತಿಂಗಳಿಂದ ಬಲಗಡೆಯ ಕಣತಲೆ ಸಿಡಿಯುತ್ತಿತ್ತು. ಮನೆಯವರು ಹಲ್ಲುನೋವಿರಬೇಕೆಂದು ಎರಡು ಹಲ್ಲು ಕೀಳಿಸಿ, ಹಣೆಗೆ ಶುಂಠಿ ಪಟ್ಟು ಹಾಕಿ ನೋಡಿದ್ದರು. ನೋವು ಜಗ್ಗಿರಲಿಲ್ಲ. ಡಾಕ್ಟರ್ ಸುಂದರೇಶ ಅರೆತಲೆನೋವಿನ ಮಾತ್ರೆ ಬರೆದು, "ಎಲೆ ಅಡಿಕೆ ಹಾಕ್ತೀರೇನಮ್ಮ?" ಎಂದರು. ದೇವಿರಮ್ಮ ಇಲ್ಲವೆಂದು ತಲೆಯಾಡಿಸಿದರು. "ಒಳ್ಳೇ ಅಭ್ಯಾಸ," ಎಂದು ಡಾಕ್ಟರು ಪಕ್ಕದ ವಾರ್ಡಿಗೆ ಹೋದರು.

ಬೋರಮ್ಮನಿಗೆ ಸಮಾಧಾನವಾಗಲಿಲ್ಲ. ಮುದುಕಿಯ ಹಲ್ಲೆಲ್ಲ ಕಂದು, ಸೊಂಟದಲ್ಲಿ ಎಲೆ ಅಡಿಕೆ ಚೀಲ! ತಲೆ ಬಾಚಲು ಕೂತವಳು ಕೇಳಿಯೇಬಿಟ್ಟಳು.

"ಚೀಲ ಸಿಕ್ಕಿಸ್ಕಂಡು ಹಾಕಲ್ಲ ಅಂದ್ರಲ್ಲವ್ವ?"

"ಸುಳ್ಳಲ್ಲ ಕಣಮ್ಮ. ಬುಟ್ಟು ಇಪ್ಪತ್ತು ದಿನ ಆಯ್ತು. ನಾಕು ಸಲ ಅಗಿಯೋದ್ರೊಳ್ಗೆ ದವಡೆ ಸೋತು ನೋಯ್ತದೆ. ಸುಮ್ನಿದ್ರೆ ಸರಿಹೋಯ್ತದೆ. ಅಯ್ಯೋ, ಅಲ್ಲಿ ಬಾಚಣಿಗೆ ಮುಟ್ಟಿಸ್ಬೇಡ! ಬೆಳಿಗ್ಗೆ ಬಲಗಣ್ಣಿಗೂ ಒಂದ್ಗಳಿಗೆ ಪರದೆ ಬುಟ್ಟಂಗಾಗಿತ್ತು."

ಬೋರಮ್ಮನ ಕೈ ನಿಂತಿತು. ಐವತ್ತು ವರ್ಷದ ಎಲೆ ಅಡಿಕೆಯನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಈಗ ಕಣ್ಣು ಬೇರೆ. ಅವಳು ಪಕ್ಕದ ವಾರ್ಡಿಗೆ ಓಡಿ ಡಾಕ್ಟರ ಸುತ್ತ ನಿಂತಿದ್ದ ವೈದ್ಯ ವಿದ್ಯಾರ್ಥಿಗಳ ನಡುವೆ ನುಗ್ಗಿದಳು.

"ಸಾರ್, ಆಯಮ್ಮ ಎಲೆ ಅಡಿಕೆ ಬುಟ್ಟಿರೋದು ಒಳ್ಳೇ ಅಭ್ಯಾಸಕ್ಕಲ್ಲ, ನೋವಿಗೆ!"

"ಬೋರಮ್ಮ, ಆಚೆ ನಡಿ," ಎಂದು ಸಿಸ್ಟರ್ ಸುಮಿತ್ರಮ್ಮ ಗದರಿದರು. ಕೆಲಸ ಹೋದರೆ ಹೋಗಲಿ ಎಂದು ಬೋರಮ್ಮ ಜಗ್ಗದೆ ನಿಂತು ದವಡೆ, ಬಾಚಣಿಗೆ, ಕಣ್ಣಿನ ಪರದೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ಡಾಕ್ಟರು ದಡದಡನೆ ಬಂದು ದೇವಿರಮ್ಮನ ಬಲಗಡೆಯ ಕಣತಲೆ ಮುಟ್ಟಿದರು. ಅಲ್ಲಿನ ರಕ್ತನಾಳ ಹುರಿಹಗ್ಗದ ಹಾಗೆ ಗಟ್ಟಿಯಾಗಿತ್ತು, ಮಿಡಿತವೇ ಇರಲಿಲ್ಲ.

"ವಯಸ್ಸಾದವರಿಗೆ ಹೊಸದಾಗಿ ಬಂದ ತಲೆನೋವನ್ನ ಅರೆತಲೆನೋವು ಅಂತ ತಳ್ಳಿಹಾಕಬಾರದು. ನಾನೇ ತಳ್ಳಿಹಾಕಿದ್ದೆ," ಎಂದು ವಿದ್ಯಾರ್ಥಿಗಳ ಮುಂದೆಯೇ ಒಪ್ಪಿಕೊಂಡರು. "ರಕ್ತನಾಳ ಊದಿದೆ. ದವಡೆಗೆ ರಕ್ತ ಸಾಲದೆ ಅಗಿದರೆ ನೋವು. ಇದು ಕಣ್ಣಿನ ರಕ್ತವನ್ನೂ ನಿಲ್ಲಿಸಿದರೆ ಕುರುಡೇ ಗತಿ."

ರಕ್ತ ಪರೀಕ್ಷೆಗೆ ಕಳಿಸಿ, ಫಲಿತಾಂಶಕ್ಕೆ ಕಾಯದೆ ಆಗಲೇ ಊತ ಇಳಿಸುವ ಸ್ಟೀರಾಯ್ಡ್ ಮಾತ್ರೆ ಕೊಡಿಸಿದರು. ಮೂರನೆಯ ದಿನಕ್ಕೆ ನೋವು ಇಳಿಯಿತು. ಎರಡು ವಾರ ಕಳೆದ ಮೇಲೆ ದೇವಿರಮ್ಮ ಎರಡೂ ಕಣ್ಣಿನಲ್ಲಿ ಡಾಕ್ಟರ ಬೆರಳುಗಳನ್ನು ತಪ್ಪಿಲ್ಲದೆ ಎಣಿಸಿದರು. ವಾರ್ಡಿಗೆ ವಾರ್ಡೇ ಹಿಗ್ಗಿತು.

ಆ ದಿನ ಡಾಕ್ಟರು ರೋಗಿಯ ಕಾಗದದಲ್ಲಿ ಏನನ್ನೋ ಬರೆದು ಹೋದರು. ಸುಮಿತ್ರಮ್ಮ ಬೋರಮ್ಮನನ್ನು ಕರೆದರು. "ಕೇಳು. 'ರೋಗಲಕ್ಷಣ ಮೊದಲು ಗುರುತಿಸಿದವರು ವಾರ್ಡಿನ ಬೋರಮ್ಮ.' ನಿನ್ನ ಹೆಸರು ಕಣೇ!"

ಬೋರಮ್ಮ ಆ ಕಾಗದವನ್ನು ನೋಡುತ್ತಾ ನಿಂತಳು.

"ಆಯಮ್ಮನ ಕಣ್ಣು ಉಳೀತು ಅಂತ ಬರ್ದವ್ರಾ, ಸಿಸ್ಟರೇ?"

"ಬರೆದಿದಾರೆ."

"ಅಂಗಾರೆ ಅದನ್ನ ಮೊದ್ಲು ಓದಿ. ಆಮೇಲೆ ನನ್ನ ಹೆಸ್ರು."