ಹೂಂ ಅಂದರೆ ಸಾಲದು

“ಇವರ ಹೆಸರು ನೀವ ಹೇಳ್ಬೇಕ್ರಿ,” ಎಂದೆ. ಆ ಹೆಣ್ಣುಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು.

ನಾನು ಪುಣೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದ ಅವಳ ಗಂಡನಿಗೆ ಪ್ರಜ್ಞೆ ಇರಲಿಲ್ಲ. ಬೇಗ ರಕ್ತ ಕೊಡಬೇಕಿತ್ತು. ಅದಕ್ಕೂ ಮೊದಲು ಅವನ ಕೈಗೆ ಹೆಸರಿನ ಪಟ್ಟಿ ಕಟ್ಟಬೇಕಿತ್ತು.

ಜೊತೆಗೆ ಬಂದಿದ್ದ ಮೇಸ್ತ್ರಿ ರೇಗಿದ. “ಸಿಸ್ಟರ್, ಫೈಲಿನ್ಯಾಗ ಶರಣಪ್ಪ ಅಂತ ಬರದದಲ್ರಿ. ನಮ್ಮ ಕಡೆ ಗಂಡನ ಹೆಸರು ಹೇಳೂದಿಲ್ಲ. ನೀವ ಓದ್ರಿ, ಆಕಿ ಹೂಂ ಅಂತಾಳ.”

ನಾನೂ ವಿಜಯಪುರದ ಕಡೆಯವಳೇ. ನನ್ನ ಅವ್ವನೂ ಅಪ್ಪನ ಹೆಸರು ಹೇಳಿದವಳಲ್ಲ. ಆದರೆ ನಾಲ್ಕು ವರ್ಷ ನರ್ಸಿಂಗ್ ಓದಿ, ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡವಳಿಗೆ ಇಷ್ಟಂತೂ ಗೊತ್ತು: ಹೆದರಿದವರು ನಾವು ಯಾವ ಹೆಸರು ಓದಿದರೂ ಹೂಂ ಅನ್ನುತ್ತಾರೆ. ನಾನು ಜಗ್ಗಲಿಲ್ಲ. ಬಗ್ಗಿ, ಅವಳ ಬಾಯಿಯ ಹತ್ತಿರ ಕಿವಿ ಒಯ್ದೆ.

ಅವಳು ತಾಳಿ ಹಿಡಿದುಕೊಂಡು ಗಂಡನ ಹೆಸರು, ಅದರ ಬೆನ್ನಿಗೆ ಮಾವನ ಹೆಸರು ಪಿಸುಗುಟ್ಟಿದಳು: “ಶರಣಪ್ಪ... ಭೀಮಪ್ಪ.”

ನನ್ನ ಕೈಯಲ್ಲಿದ್ದ ಫೈಲು ಶರಣಪ್ಪ ಹಣಮಂತಪ್ಪನದು! ಅವನೂ ಅದೇ ಕಟ್ಟಡದಿಂದ ಬಂದವನು, ಪಕ್ಕದ ಹಾಸಿಗೆಯಲ್ಲೇ ಇದ್ದ. ಇಬ್ಬರ ರಕ್ತದ ಗುಂಪೂ ಬೇರೆ ಬೇರೆ. ನಾನು ಫೈಲು ಬದಲಿಸಿ, ಸರಿಯಾದ ಪಟ್ಟಿ ಬರೆದು ಕಟ್ಟಿದೆ.

ಇಂದಿಗೂ ರೋಗಿಯ ಹೆಸರನ್ನು ಜೊತೆಗೆ ಬಂದವರ ಬಾಯಿಂದಲೇ ಹೇಳಿಸುತ್ತೇನೆ. ಆದರೆ ಕೇಳುವ ಮೊದಲು ಹತ್ತಿರ ಹೋಗಿ ಬಗ್ಗುತ್ತೇನೆ. ಅದನ್ನು ನನಗೆ ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ.